ಅರ್ಧ ವಾಟಿನ ದನಿ

ದೆಹಲಿಯಲ್ಲಿ ನಾವಿರುವ ಪೀತಮ್‌ಪುರಕ್ಕೆ ಮೆಟ್ರೋ ಬಂದ ವರ್ಷ ನನ್ನ ಅತ್ತಿಗೆಯ ದನಿ ಹೋಯಿತು. ಅತ್ತಿಗೆ ಅಂದರೆ ಇವರ ಅಕ್ಕ. ನಾವು ದೆಹಲಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮದುವೆಯಾಗಿ ಬಂದು ಮಯೂರ್ ವಿಹಾರಿನಲ್ಲಿ ನೆಲೆಸಿದವರು. ಮನೆಯ ಹತ್ತಿರದ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದರು. ಜೂನ್ ರಜೆಯಲ್ಲಿ ಅವರಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ದನಿಯೂ ಹೋಯಿತು. ಗಂಟಲಿನ ಎರಡು ಧ್ವನಿತಂತುಗಳಲ್ಲಿ ಒಂದು ಅಲುಗಾಡುತ್ತಿಲ್ಲ, ಈ ಆಪರೇಷನ್ ಆದ ಕೆಲವರಿಗೆ ಹೀಗಾಗುವುದುಂಟು, ಕಾಯಬೇಕು ಎಂದರು ಡಾಕ್ಟರು.

ಅತ್ತಿಗೆ ಮಾತಾಡಿದರೆ ಗಾಳಿ ಹೆಚ್ಚು, ಶಬ್ದ ಕಡಿಮೆ. ಎದುರಿಗೆ ಕೂತರೆ ಅರ್ಥವಾಗುತ್ತಿತ್ತು. ಮಿಕ್ಸಿ ಹಾಕಿದರೆ ಅದೂ ಇಲ್ಲ. ಅವರ ಕ್ಲಾಸಿನಲ್ಲಿ ನಲವತ್ತೈದು ಮಕ್ಕಳು, ತಲೆಯ ಮೇಲೆ ನಾಲ್ಕು ಫ್ಯಾನು, ಕಿಟಕಿಯಾಚೆ ಬಸ್ಸಿನ ರಸ್ತೆ. ಜುಲೈಯಲ್ಲಿ ಶಾಲೆ ಶುರುವಾದಾಗ ಪ್ರಿನ್ಸಿಪಾಲರು ಮರ್ಯಾದೆಯಿಂದಲೇ ಹೇಳಿದರಂತೆ: ದೀಪಾವಳಿಯವರೆಗೆ ನೋಡೋಣ, ಆಮೇಲೂ ಹೀಗೇ ಇದ್ದರೆ ಲೈಬ್ರರಿಯಲ್ಲಿ ಕೂತುಕೊಳ್ಳಿ.

ಒಂದು ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಈ ವಿಷಯ ಬಂತು. ಭಾವ, ಅಂದರೆ ಅತ್ತಿಗೆಯ ಗಂಡ, ಯಾವುದೋ ಅಂಗಡಿಯಿಂದ ಹೆಗಲಿಗೆ ನೇತುಹಾಕುವ ಭೋಂಗಾ ತಂದುಕೊಟ್ಟಿದ್ದರು. ಚುನಾವಣೆಯ ಮೆರವಣಿಗೆಯಲ್ಲಿ ಹಿಡಿದುಕೊಂಡು ಹೋಗುತ್ತಾರಲ್ಲ, ಅಂಥದ್ದು. ಅತ್ತಿಗೆ ಒಂದೇ ದಿನ ಅದನ್ನು ಕ್ಲಾಸಿಗೆ ಒಯ್ದರು. ಹಿಂದಿನ ಬೆಂಚಿನ ಹುಡುಗರು "ಭಾಯಿಯೋ ಔರ್ ಬೆಹನೋ" ಎಂದು ಭಾಷಣ ಶುರುಮಾಡಿದರಂತೆ. ಹೇಳುತ್ತಾ ಅತ್ತಿಗೆ ನಗಲು ನೋಡಿದರು. ನಗುವಿಗೂ ಸದ್ದಿರಲಿಲ್ಲ.

"ನಾನು ಮಾಡಿಕೊಡ್ತೀನಿ ಬಿಡಿ ಅತ್ತಿಗೆ," ಎಂದೆ. "ಸೊಂಟಕ್ಕೆ ಕಟ್ಟಿಕೊಳ್ಳೋ ಹಾಗೆ, ಸೋಪಿನ ಡಬ್ಬಿಯಷ್ಟು ಚಿಕ್ಕದು. ಒಂದು ಮೈಕು, ಒಂದು ಸ್ಪೀಕರು, ನಡುವೆ ಒಂದು ಆಂಪ್ಲಿಫೈಯರ್ ಚಿಪ್. ಎರಡು ವಾರದ ಕೆಲಸ."

ಇವರು ಅನ್ನ ಕಲಸುವುದನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ, ಒಂದು ವರ್ಷ ಟಿವಿ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಆಮೇಲೆ ಮದುವೆ, ಇವರಿಗೆ ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಗುಮಾಸ್ತೆ ಕೆಲಸ, ದೆಹಲಿ, ಮಗಳು. ಹನ್ನೆರಡು ವರ್ಷದಿಂದ ಬೆಸುಗೆಯ ಹೊಗೆ ಮೂಗಿಗೆ ಬಿದ್ದಿರಲಿಲ್ಲ. ಎರಡು ವಾರ ಎಂದು ಯಾವ ಧೈರ್ಯದಲ್ಲಿ ಹೇಳಿದೆನೋ.

ಮರುದಿನವೇ ಸೈಬರ್ ಕೆಫೆಗೆ ಹೋದೆ. ಆಂಪ್ಲಿಫೈಯರ್ ಚಿಪ್ ಎಂದು ಹುಡುಕಿದರೆ ಒಂದಾದ ಮೇಲೊಂದು ನಂಬರು. ಒಬ್ಬ ಬರೆಯುತ್ತಾನೆ, 386ಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ಇನ್ನೊಬ್ಬ ಬರೆಯುತ್ತಾನೆ, 386ರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮೂರನೆಯವನಿಗೆ ಹತ್ತು ವಾಟಿಗಿಂತ ಕಡಿಮೆಯದ್ದು ಆಂಪ್ಲಿಫೈಯರೇ ಅಲ್ಲ. ಬ್ಯಾಟರಿಯಲ್ಲಿ ನಡೆಯಬೇಕು, ಇಡೀ ದಿನ ಬಾಳಬೇಕು, ಒಬ್ಬ ಹೆಂಗಸಿನ ಮಾತು ಇಪ್ಪತ್ತೈದು ಅಡಿ ದೂರಕ್ಕೆ ಮುಟ್ಟಬೇಕು. ನನಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕೆ ಯಾವ ಚಿಪ್ ಎಂದು ನೇರವಾಗಿ ಹೇಳುವವರು ಒಬ್ಬರೂ ಸಿಗಲಿಲ್ಲ. ಕೊನೆಗೆ 386ರ ಡೇಟಾಶೀಟ್, ಅಂದರೆ ಆ ಚಿಪ್ಪಿನ ವಿವರಪಟ್ಟಿ, ಪ್ರಿಂಟ್ ತೆಗೆಸಿಕೊಂಡೆ. ಎಂಟು ಕಾಲಿನ ಪುಟ್ಟ ಚಿಪ್, ಒಂಬತ್ತು ವೋಲ್ಟಿನ ಚೌಕದ ಬ್ಯಾಟರಿ ಒಂದಿದ್ದರೆ ಸಾಕು.

ಮೆಟ್ರೋದಲ್ಲಿ ಕಶ್ಮೀರಿ ಗೇಟ್‌ವರೆಗೆ ಹೋಗಿ, ಅಲ್ಲಿಂದ ಸೈಕಲ್ ರಿಕ್ಷಾ ಹಿಡಿದು ಕೆಂಪುಕೋಟೆಯ ಎದುರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹೋದೆ. ಅಲ್ಲಿನ ಗಲ್ಲಿಗಳು ಎಷ್ಟು ಕಿರಿದೆಂದರೆ ಎದುರಿಗೆ ರಟ್ಟಿನ ಪೆಟ್ಟಿಗೆ ಹೊತ್ತವನು ಬಂದರೆ ಯಾವುದಾದರೂ ಅಂಗಡಿಯೊಳಗೆ ಹೊಕ್ಕು ನಿಲ್ಲಬೇಕು. ನಾನು ಹಾಗೆ ಹೊಕ್ಕ ಅಂಗಡಿಯಲ್ಲೇ ಕೇಳಿದೆ.

"ಭಯ್ಯಾ, ಆಂಪ್ಲಿಫೈಯರ್ ಐಸಿ ಬೇಕಿತ್ತು. ಬ್ಯಾಟರಿಯಲ್ಲಿ ನಡೆಯುವಂಥದ್ದು."

"ಕಿತನೇ ವಾಟ್ ಕಾ?"

"ಅರ್ಧ ವಾಟ್ ಆದರೂ ಸಾಕು."

"ಆಧಾ ವಾಟ್?" ಪಕ್ಕದ ಅಂಗಡಿಯವನಿಗೂ ಕೇಳುವಂತೆ ನಕ್ಕ. "ಬೆಹನ್‌ಜೀ, ಅರ್ಧ ವಾಟಿಗೆ ಸೊಳ್ಳೆ ಕೂಡ ಎದ್ದು ಹೋಗಲ್ಲ. ಭಾಯಿಸಾಬ್‌ನ ಕಳಿಸಿ, ಏನು ಬೇಕು ಅಂತ ಅವರ ಹತ್ತಿರ ಮಾತಾಡ್ತೀನಿ."

ಭಾಯಿಸಾಬ್‌ಗೆ ಮನೆಯ ಫ್ಯೂಸ್ ಹಾಕಲೂ ಬರುವುದಿಲ್ಲ ಎಂದು ಹೇಳೋಣವೆನಿಸಿತು. ಅದರ ಬದಲು ಡೇಟಾಶೀಟ್ ತೋರಿಸಿ ನಂಬರಿನ ಮೇಲೆ ಬೆರಳಿಟ್ಟೆ. ಅವನು ಒಂದು ಡ್ರಾಯರಿನಿಂದ ಎರಡು ಚಿಪ್ ತೆಗೆದು ಕಾಗದದಲ್ಲಿ ಸುತ್ತಿಕೊಟ್ಟ. "ಮತ್ತೆ ಬರ್ತೀರಿ, ಇದರಲ್ಲಿ ಏನೂ ಆಗಲ್ಲ" ಎಂಬ ಮಾತನ್ನೂ ಜೊತೆಗೆ ಕೊಟ್ಟ.

ನಮ್ಮ ಬಾಲ್ಕನಿಯಲ್ಲಿ ಮಡಿಚುವ ಮೇಜು ಹಾಕಿ ಕೂತೆ. ಮಗಳು ಶಾಲೆಯಿಂದ ಬರುವ ಮುಂಚಿನ ಮೂರು ಗಂಟೆ ನನ್ನದು. ಆ ಮೂರು ಗಂಟೆಯಲ್ಲಿ ಒಂದು ಗಂಟೆ ಕರೆಂಟಿನವರದ್ದು. ಬೆಸುಗೆಯ ಐರನ್ ಕಾದು ಸೀಸ ಕರಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಕೈ ಕೂಡ ಹಿಂದಿನಂತಿರಲಿಲ್ಲ. ರಿಪೇರಿ ಅಂಗಡಿಯಲ್ಲಿ ಮಾತಾಡುತ್ತಾ ಹಾಕುತ್ತಿದ್ದ ಬೆಸುಗೆಯನ್ನು ಈಗ ಉಸಿರು ಬಿಗಿಹಿಡಿದು ಹಾಕಿದರೂ ಅದು ಪಕ್ಕದ ಕಾಲಿಗೆ ಹರಿಯುತ್ತಿತ್ತು. ಮೊದಲನೆಯ ಚಿಪ್ ಹಾಗೇ ಸುಟ್ಟುಹೋಯಿತು. ಎರಡನೆಯದು ಮಾತಾಡಿತು, ಆದರೆ ಮೆತ್ತಗೆ. ಇನ್ನೊಂದು ಕೆಪಾಸಿಟರ್ ಸೇರಿಸಿದರೆ ಅದು ದನಿಯನ್ನು ಹತ್ತು ಪಟ್ಟು ಹೆಚ್ಚಿಸುತ್ತದೆ ಎಂದು ಡೇಟಾಶೀಟಿನಲ್ಲಿತ್ತು. ಸೇರಿಸಿದೆ. ಮಾತಿನ ಜೊತೆಗೆ ಒಳಗಿನ ಸುಯ್ ಎನ್ನುವ ಸದ್ದೂ ಹತ್ತು ಪಟ್ಟಾಯಿತು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುತ್ತದಲ್ಲ, ಆ ಸದ್ದು.

ಆದರೂ ಒಯ್ದು ಕೊಟ್ಟೆ. ಮೆಟ್ರೋ, ಆಮೇಲೆ ಯಮುನೆ ದಾಟುವ ಬಸ್ಸು, ಒಟ್ಟು ಒಂದೂಮುಕ್ಕಾಲು ಗಂಟೆಯ ದಾರಿ. ಅತ್ತಿಗೆ ಮೈಕನ್ನು ಸೆರಗಿನ ಪಿನ್ನಿಗೆ ಸಿಕ್ಕಿಸಿಕೊಂಡು ಹಾಲಿನಲ್ಲಿ ನಿಂತು "ಎ ಪ್ಲಸ್ ಬಿ ಹೋಲ್ ಸ್ಕ್ವೇರ್" ಎಂದರು. ಅಡುಗೆಮನೆಯಲ್ಲಿದ್ದ ನನಗೆ ಕೇಳಿತು. ಅವರ ಕಣ್ಣಲ್ಲಿ ನೀರು ಬಂತು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಸಂಜೆ ಭಾವ ಫೋನ್ ಮಾಡಿದರು. "ಎರಡು ಪೀರಿಯಡ್ ನಡೀತಂತೆ ಕಣಮ್ಮಾ. ಮೂರನೇದರಲ್ಲಿ ದನಿ ಹರಿದು ಹೋಯ್ತಂತೆ. ಬ್ಯಾಟರಿ ಖಾಲಿ."

ಆಂಪ್ಲಿಫೈಯರ್ ಬೇಕಿದ್ದದ್ದು ಆರು ಪೀರಿಯಡ್‌ಗೆ. ಮತ್ತೆ ಮಾರುಕಟ್ಟೆಗೆ ಹೋದೆ. "ಹೇಳಿರಲಿಲ್ವಾ," ಎಂದ ಅವನು ಖುಷಿಯಿಂದ, ಮತ್ತು 810 ಎಂಬ ನಂಬರಿನ ಚಿಪ್ ಕೊಟ್ಟ. ಎಲ್ಲರೂ ಇದನ್ನೇ ಒಯ್ಯುವುದಂತೆ. ಅದರ ಎರಡು ಪಕ್ಕದಲ್ಲಿ ತಗಡಿನ ರೆಕ್ಕೆಗಳಿದ್ದವು, ಬಿಸಿ ಬಿಟ್ಟುಕೊಡುವುದಕ್ಕೆ. ಬಿಸಿ ಬಿಡಲು ರೆಕ್ಕೆ ಬೇಕಾದ ಚಿಪ್ ಬ್ಯಾಟರಿಯನ್ನು ಎಷ್ಟು ತಿನ್ನಬಹುದೆಂದು ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ದೀಪಾವಳಿಗೆ ಮೂರೇ ವಾರ ಉಳಿದಿತ್ತು. ಎಂಟು ಪೆನ್ಸಿಲ್ ಸೆಲ್ ಹಾಕಿ ಕಟ್ಟಿದೆ. ಡಬ್ಬಿ ಟಿಫಿನ್ ಕ್ಯಾರಿಯರಿನಷ್ಟಾಯಿತು. ದನಿಯೇನೋ ಜೋರಾಗಿಯೇ ಬಂತು, ಆದರೆ ಅರ್ಧ ಗಂಟೆಯಲ್ಲಿ ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತಿತ್ತು. ಇದನ್ನು ಅತ್ತಿಗೆಯ ಸೊಂಟಕ್ಕೆ ಕಟ್ಟುವುದು ಹೇಗೆ?

ಬೇರೆ ಅಂಗಡಿಯಿಂದ ಅದೇ ನಂಬರಿನ ಇನ್ನೊಂದು ತಂದೆ. ಅದು ಒಂದೇ ನಿಮಿಷಕ್ಕೆ ಕಾದು ಸುಮ್ಮನಾಯಿತು. ಅನುಮಾನ ಬಂದು ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿದೆ. ಮೇಲಿನ ನಂಬರು ಅಳಿಸಿಹೋಗಿ ಅದರಡಿಯಲ್ಲಿ ಇನ್ನೊಂದು ನಂಬರು ಕಂಡಿತು. ಆವತ್ತು ನಾನು ಬಾಲ್ಕನಿಯಲ್ಲಿ ಕೂತು ಜೋರಾಗಿ ಅತ್ತೆ. ಅಷ್ಟು ದಿನ ನನ್ನ ಕೈಯೇ ಕೆಟ್ಟಿದೆ, ಕಲಿತದ್ದೆಲ್ಲ ಮರೆತಿದೆ ಎಂದು ನನ್ನನ್ನೇ ಬೈದುಕೊಂಡಿದ್ದೆ. ಈಗ ಯಾವುದು ನನ್ನ ತಪ್ಪು, ಯಾವುದು ಚಿಪ್ಪಿನದು ಎಂದು ಬಿಡಿಸುವ ದಾರಿಯೇ ಇರಲಿಲ್ಲ.

ದೀಪಾವಳಿ ರಜೆ ಮುಗಿದ ಸೋಮವಾರ ಪ್ರಿನ್ಸಿಪಾಲರು ಒಂದು ಪೀರಿಯಡ್ ಬಂದು ನೋಡುವುದೆಂದು ಮಾತಾಗಿತ್ತು. ಮೊದಲು ತಂದಿದ್ದ 810ಕ್ಕೇ ದೊಡ್ಡ ತಗಡು ಬೋಲ್ಟ್ ಮಾಡಿ ಬಿಸಿ ಕಡಿಮೆ ಮಾಡಿ, ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಮೆಟ್ರೋ ಬಾಗಿಲಲ್ಲಿ ಪೊಲೀಸ್ ಹೆಂಗಸು ಚೀಲ ತೆರೆದು ನೋಡಿದಳು. ಸೆಲ್ಲುಗಳು, ಕೆಂಪು ಕಪ್ಪು ವೈರುಗಳು.

"ಯೇ ಕ್ಯಾ ಹೈ?"

"ಮೈಕ್. ಟೀಚರ್‌ಗೆ."

"ಚಲಾ ಕೇ ದಿಖಾವೋ."

ಸ್ವಿಚ್ ಹಾಕಿ ಮೈಕಿಗೆ "ಹಲೋ" ಎಂದೆ. ಅದು ಕೀ ಎಂದು ಚೀರಿತು. ಸಾಲಿನಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಅವಳು ಬೇಗ ಬೇಗ ಕೈಸನ್ನೆ ಮಾಡಿ ನನ್ನನ್ನು ಒಳಗೆ ಬಿಟ್ಟಳು. ಚೀಲ ಮುಚ್ಚುವಾಗ ನನಗೆ ಹೊಳೆಯಿತು. ಮನೆಯಲ್ಲಿ ಮೈಕನ್ನು ಮಂಚದ ಮೇಲೆ, ಸ್ಪೀಕರನ್ನು ಬಾಲ್ಕನಿಯಲ್ಲಿಟ್ಟು ನೋಡಿದ್ದೆ. ಎರಡೂ ಒಂದೇ ಮೈಮೇಲೆ ಇದ್ದಾಗ ಏನಾಗುತ್ತದೆಂದು ಇಷ್ಟು ಜೋರಿನ ಚಿಪ್ ಹಾಕಿ ನೋಡಿರಲಿಲ್ಲ.

ಕ್ಲಾಸಿನಲ್ಲೂ ಅದೇ ಆಯಿತು. ನಾನು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಿದ್ದೆ. ಅತ್ತಿಗೆ ಬಾಯಿ ತೆರೆದರೆ ಮೊದಲ ಶಬ್ದ ಹೊರಡುವ ಮುಂಚೆಯೇ ಚೀರಾಟ. ದನಿ ತಗ್ಗಿಸಿದರೆ ಯಾರಿಗೂ ಕೇಳದು, ಏರಿಸಿದರೆ ಮತ್ತೆ ಚೀರಾಟ. ಸ್ಪೀಕರಿನಿಂದ ಹೊರಟ ಸದ್ದು ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಬಂದು ಸುತ್ತುತ್ತಿತ್ತು. ಮಕ್ಕಳು ಮೊದಲು ನಕ್ಕರು, ಆಮೇಲೆ ಪಾಪ ಅನಿಸಿ ಸುಮ್ಮನಾದರು. ನಗುವೇ ವಾಸಿಯಿತ್ತು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತಿದ್ದು, "ನೀವು ತುಂಬಾ ಕಷ್ಟಪಟ್ಟಿದ್ದೀರಿ, ಥ್ಯಾಂಕ್ಯೂ" ಎಂದು ನನಗೆ ಹೇಳಿ ಹೋದರು. ಮರುದಿನದಿಂದ ಅತ್ತಿಗೆ ಲೈಬ್ರರಿಗೆ ಹೋದರು.

ಆ ಸೋಮವಾರ ಶಾಲೆಯಿಂದ ಅತ್ತಿಗೆಯ ಮನೆಗೆ ಬಂದ ಮೇಲೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಇನ್ನೊಂದು ಚಿಪ್ ನೋಡ್ತೀನಿ ಅತ್ತಿಗೆ. 2030 ಅಂತ ಒಂದಿದೆ..." ಎಂದೆ.

ಅತ್ತಿಗೆ ಮೇಜಿನ ಮೇಲಿದ್ದ ಗ್ಯಾಸ್ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ನನ್ನೆದುರು ತಳ್ಳಿದರು. "ಸಾಕು. ನಿನ್ನ ಡಿಪ್ಲೊಮಾ ಉಳಿದಿದೆಯೋ ಇಲ್ಲವೋ ಅಂತ ನನ್ನ ಮೇಲೆ ಪರೀಕ್ಷೆ ಮಾಡಬೇಡ."

ಕೂಗಲಾಗದವರು ಬರೆದಾಗ ಅದು ಕೂಗಿಗಿಂತ ಜೋರಾಗಿ ನಾಟುತ್ತದೆ. ಮಾತಿನಲ್ಲಿ ಸತ್ಯವೂ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆಮೇಲೆ ಎರಡು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಇವರು ನಡುವೆ ಓಡಾಡಿ, "ಅಕ್ಕಂಗೂ ಬೇಜಾರಾಗಿದೆ, ನಿಂಗೂ ಆಗಿದೆ, ಬಿಟ್ಟುಬಿಡು" ಎನ್ನುತ್ತಿದ್ದರು. ನಾನು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲೆ ಇಟ್ಟೆ.

ಸಂಕ್ರಾಂತಿಯ ದಿನ ಮಧ್ಯಾಹ್ನ ಫೋನ್ ಬಂತು. ಎತ್ತಿದರೆ ಅತ್ತಿಗೆಯದೇ ದನಿ. ಆಪರೇಷನ್ ಆದಮೇಲೆ ಅವರು ಫೋನ್ ಮುಟ್ಟಿರಲಿಲ್ಲ, ಏನಿದ್ದರೂ ಭಾವನೇ ಮಾತಾಡುತ್ತಿದ್ದರು.

"ಎಳ್ಳು ಹುರಿದ್ಯಾ? ಮಂಜಿಗೆ ಮೆತ್ತಗಾಗತ್ತೆ, ಡಬ್ಬಿ ಮುಚ್ಚಿಡು," ಎಂದರು.

"ಹುರಿದೆ ಅತ್ತಿಗೆ. ಕೊಬ್ಬರಿನೂ ಆಯ್ತು," ಎಂದೆ. ಇಬ್ಬರೂ ಏನೂ ಆಗಿಲ್ಲವೆಂಬಂತೆ ಬೆಲ್ಲ, ಕಡಲೆ, ಮಕ್ಕಳ ರಜೆ ಎಂದು ಮಾತಾಡಿದೆವು. ನಮ್ಮ ಮನೆಯಲ್ಲಿ ಟಿವಿ ಹಾಕಿತ್ತು, ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಐದು ನಿಮಿಷವಾದ ಮೇಲೆ ತಲೆಗೆ ಹೊಳೆಯಿತು. ಅವರ ಒಂದೊಂದು ಮಾತೂ ನನಗೆ ಕೇಳುತ್ತಿದೆ.

"ಅತ್ತಿಗೆ, ಒಂದ್ನಿಮಿಷ. ಫೋನನ್ನ ಎದೆ ಹತ್ತಿರ ಹಿಡಿದು ಮಾತಾಡಿ."

"ಯಾಕೆ?"

"ಸುಮ್ನೆ ಹಿಡೀರಿ."

ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಏನಾಯ್ತೇ?" ಎಂಬುದು ಮಾತ್ರ ಸ್ಪಷ್ಟವಾಗಿ ಬಂತು. ಫೋನನ್ನು ಮತ್ತೆ ಬಾಯಿಗೆ ತಂದಿದ್ದರು.

ನಾನು ನಾಲ್ಕು ತಿಂಗಳು ಚಿಪ್ಪುಗಳಿಗೆ ಶಾಪ ಹಾಕಿದ್ದೆ. ಇಲ್ಲಿ ನೋಡಿದರೆ ಮೈಕು ಸೆರಗಿನ ಪಿನ್ನಿನಲ್ಲಿತ್ತು. ಬಾಯಿಂದ ಒಂದು ಗೇಣು ದೂರ. ಅವರ ದನಿಗೆ ಒಂದು ಗೇಣು ಬಹಳ ದೂರ. ಕೈಗೆ ಬಾರದ ದನಿಯನ್ನು ಹಿಡಿಯಲೆಂದು ನಾನು ಹತ್ತು ಪಟ್ಟು, ಇನ್ನಷ್ಟು ಪಟ್ಟು ಎಂದು ಹೆಚ್ಚಿಸುತ್ತಾ ಹೋದೆ, ಸುಯ್ ಎನ್ನುವ ಸದ್ದೂ ಚೀರಾಟವೂ ಅದರ ಜೊತೆಗೇ ಬೆಳೆದವು. ಮೈಕು ತುಟಿಯ ಹತ್ತಿರ ಬಂದರೆ ಅಷ್ಟೊಂದು ಪಟ್ಟು ಬೇಕಾಗಿರಲಿಲ್ಲ. ಮೊದಲ ದಿನ ಬಾಯಿಗೆ ಬಂದ ಅರ್ಧ ವಾಟೇ ಸರಿಯಿತ್ತು. ಖುಷಿಯಾಗಬೇಕಿದ್ದ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ರಿಪೇರಿ ಅಂಗಡಿಯಲ್ಲಿ ಇಂಥ ತಪ್ಪು ಮಾಡಿದ್ದರೆ ಮಾಲೀಕರು ಮೇಜಿನಿಂದಲೇ ಎಬ್ಬಿಸುತ್ತಿದ್ದರು.

ಈ ಸಲ ಡೇಟಾಶೀಟುಗಳನ್ನು ಬೇರೆ ರೀತಿ ಓದಿದೆ. ಎಷ್ಟು ವಾಟ್ ಕೊಡುತ್ತದೆ ಎಂಬುದಲ್ಲ, ಎಷ್ಟು ಕಡಿಮೆ ವೋಲ್ಟಿನಲ್ಲಿ ನಡೆಯುತ್ತದೆ, ಮಾತಿಲ್ಲದಾಗ ಎಷ್ಟು ಕರೆಂಟ್ ಕುಡಿಯುತ್ತದೆ ಎಂದು. 2822 ಎಂಬುದೊಂದಿತ್ತು. ಅದರೊಳಗೆ ಎರಡು ಆಂಪ್ಲಿಫೈಯರುಗಳು. ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಬಹುದು. ನಾಲ್ಕು ಪೆನ್ಸಿಲ್ ಸೆಲ್ ಸಾಕು. ಸೆಲ್ಲು ಸೊರಗಿದರೆ ದನಿ ನಿಧಾನವಾಗಿ ತಗ್ಗುತ್ತದೆ, ಬೇಗನೆ ಹರಿಯುವುದಿಲ್ಲ.

ಇಡೀ ಮಾರುಕಟ್ಟೆ ಸುತ್ತಿದೆ. 2822 ಯಾರಿಗೂ ಗೊತ್ತಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ನಮ್ಮ ಸೊಳ್ಳೆಯ ಭಯ್ಯಾನ ಅಂಗಡಿಗೇ ಹೋಗಿ ಪ್ರಿಂಟಿನಲ್ಲಿದ್ದ ಚಿತ್ರ ತೋರಿಸಿದೆ. ಅವನು ಕಾಗದವನ್ನು ದೂರ ಹಿಡಿದು ನೋಡಿದ.

"ಅರೆ, ಇದು ವಾಕ್‌ಮನ್ ವಾಲೀ ಐಸಿ!" ಎಂದು ಕಾಲ ಬಳಿಯ ಡಬ್ಬಿಯನ್ನು ಎಳೆದ. ಒಂದು ಹಿಡಿ ಇದ್ದವು. "ವಾಕ್‌ಮನ್ ಐಸಿ ಅಂತ ಮೊದಲೇ ಹೇಳೋದಲ್ವಾ ಬೆಹನ್‌ಜೀ? ಇಷ್ಟು ಸಲ ಬಂದು ಹೋದಿರಿ."

ಆರು ಚಿಪ್ ತೆಗೆದುಕೊಂಡು, ಅಲ್ಲೇ ಎಲ್ಲವನ್ನೂ ಮನೆಯಿಂದ ತಂದಿದ್ದ ಸ್ಪಿರಿಟಿನಲ್ಲಿ ಒರೆಸಿ ನೋಡಿದೆ. ಅವನು ಮೊದಲ ಬಾರಿಗೆ ನಗದೆ ನನ್ನ ಕೈ ನೋಡುತ್ತಾ ನಿಂತಿದ್ದ.

ಹಳೆಯ ಹೆಡ್‌ಫೋನಿನ ತಲೆಪಟ್ಟಿಗೆ ತಂತಿ ಬಗ್ಗಿಸಿ, ಅದರ ತುದಿಯಲ್ಲಿ ಮೈಕು ಕೂರಿಸಿದೆ. ಅತ್ತಿಗೆಯ ಗಾಳಿ ತುಂಬಿದ ಮಾತು ಭುಸ್ ಭುಸ್ ಎನ್ನುತ್ತಿತ್ತು, ಅದಕ್ಕೆ ಪೌಡರ್ ಪಫ್ಫಿನ ಸ್ಪಂಜು ಕತ್ತರಿಸಿ ಟೋಪಿ ಹಾಕಿದೆ. ಫೆಬ್ರುವರಿಯ ಮೊದಲ ವಾರ ಅತ್ತಿಗೆ ಅದನ್ನು ಹಾಕಿಕೊಂಡು ತಮ್ಮ ಹಾಲಿನಲ್ಲಿ ಪೂರ್ತಿ ಒಂದು ಗಂಟೆ ಪಾಠ ಮಾಡಿದರು. ಕೇಳುತ್ತಿದ್ದವರು ನಾನು, ಭಾವ, ಮತ್ತು ಮನೆಗೆಲಸದವಳು. ಸದ್ದು ಹರಿಯಲಿಲ್ಲ, ಚೀರಲಿಲ್ಲ, ಡಬ್ಬಿ ಬಿಸಿಯಾಗಲಿಲ್ಲ.

ಪ್ರಿನ್ಸಿಪಾಲರೂ ಕೇಳಿದರು, ಮೆಚ್ಚಿದರು. ಆಮೇಲೆ, ವರ್ಷದ ನಡುವೆ ಟೈಮ್‌ಟೇಬಲ್ ಬದಲಿಸಲು ಆಗುವುದಿಲ್ಲ, ಏಪ್ರಿಲ್‌ನಲ್ಲಿ ನೋಡೋಣ ಎಂದರು. ಒಂದು ಚಿಪ್ಪಿಗಾಗಿ ಐದು ತಿಂಗಳು ಅಲೆದವಳಿಗೆ ಒಂದು ಕಾಗದದ ಮೇಲಿನ ಗೆರೆ ಬದಲಿಸಲು ಎರಡು ತಿಂಗಳು ಕಾಯಿ ಎಂದರೆ ಹೇಗಿರಬೇಡ! ಅತ್ತಿಗೆ ಮಾತ್ರ ಕಾದರು. ಆ ಎರಡು ತಿಂಗಳು ಲೈಬ್ರರಿಯ ಪುಸ್ತಕಗಳಿಗೆಲ್ಲ ಹೊಸ ಅಂಕಿ ಹಚ್ಚಿದರು.

ಏಪ್ರಿಲ್‌ನಲ್ಲಿ ಎಂಟನೇ ತರಗತಿ ಸಿಗಲಿಲ್ಲ, ಆರನೆಯದು ಸಿಕ್ಕಿತು. ಮೊದಲ ದಿನ ಶಾಲೆ ಬಿಟ್ಟ ತಕ್ಷಣ ಫೋನ್ ಮಾಡಿದರು.

"ಆರೂ ಪೀರಿಯಡ್ ಆಯ್ತು ಕಣೇ. ಮಕ್ಕಳು ನಂಗೆ ಕಾಲ್ ಸೆಂಟರ್ ಮ್ಯಾಮ್ ಅಂತ ಹೆಸರಿಟ್ಟಿದ್ದಾವೆ."

"ಹಿಂದಿನ ಬೆಂಚಿಗೆ ಕೇಳಿಸ್ತಾ?"

"ಕೇಳಿಸ್ತಾ ಅಂದ್ರೆ! ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, 'ಮ್ಯಾಮ್, ಥೋಡಾ ಧೀರೇ' ಅಂದ್ಲು." ಸ್ವಲ್ಪ ಉಸಿರು ತೆಗೆದುಕೊಂಡರು. "ಆದರೆ ದನಿ ತಗ್ಗಿಸೋ ಗುಂಡಿ ಎಡಗಡೆ ಇಟ್ಟಿದ್ದೀಯ. ಬಲಗೈಲಿ ಚಾಕ್‌ಪೀಸು, ಎಡಗೈಲಿ ಪುಸ್ತಕ. ಪುಸ್ತಕ ಕೆಳಗಿಟ್ಟು ತಗ್ಗಿಸಬೇಕಾಯ್ತು. ಚಾಕ್ ಕೈಲಾದ್ರೆ ಎರಡು ಬೆರಳು ಖಾಲಿ ಇರ್ತಾವೆ. ಬಲಗಡೆ ಮಾಡಿಕೊಡ್ತೀಯಾ?"

ಆ ಡಬ್ಬಿಯೊಳಗೆ ಬಲಗಡೆ ಪೂರ್ತಿ ಸೆಲ್ಲುಗಳಿದ್ದವು. ಗುಂಡಿ ಆ ಕಡೆಗೆ ಹೋಗಬೇಕಾದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಜೋಡಿಸಬೇಕು.

"ಭಾನುವಾರ ತಗೊಂಡು ಬನ್ನಿ," ಎಂದೆ.